ನೈಸ್ ಅನ್ನುವುದು ನಮ್ಮ ಗಿರಣಿಯ ಮಾತು

ನೈಸ್ ಅನ್ನುವುದು ಇಂಗ್ಲಿಷ್ ಮಾತು ಅಂತ ಮೇಷ್ಟ್ರು ಹೇಳಿದ ದಿನ ನಾನು ತರಗತಿಯಲ್ಲಿ ಎದ್ದು ನಿಂತು ಜಗಳಕ್ಕೇ ಹೋಗಿದ್ದೆ. ಅಲ್ಲ ಸಾರ್, ಅದು ನಮ್ಮ ಗಿರಣಿ ಮಾತು ಅಂದಿದ್ದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಷ್ಟ್ರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೊನ್ನಾಳಿಯ ನಮ್ಮ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ‘ಇಲ್ಲಿ ನೈಸಾಗಿ ಬೀಸಿಕೊಡಲಾಗುವುದು’ ಅಂತ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿತ್ತು. ಬರೆಸಿದವರು ನಮ್ಮಪ್ಪ. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ದಿನವಿಡೀ ಅವರ ಬಾಯಲ್ಲಿದ್ದ, ಗೋಡೆಯ ಮೇಲೂ ಇದ್ದ, ಊರ ಹೆಂಗಸರೆಲ್ಲ ಡಬ್ಬಿ ಇಡುವಾಗ ಹೇಳುತ್ತಿದ್ದ ಮಾತು ಬೇರೆ ಯಾರದ್ದೋ ಅಂದರೆ ನಾನು ಹೇಗೆ ಒಪ್ಪಲಿ? ನಮ್ಮದು ಅಂದುಕೊಂಡದ್ದನ್ನು ಇನ್ನೊಬ್ಬರು ಬಂದು ತಮ್ಮದು ಅಂದಾಗ ಆಗುವ ಸಂಕಟ ನನಗೆ ಮೊದಲು ಗೊತ್ತಾದದ್ದು ಈ ಒಂದು ಮಾತಿನಿಂದ. ಎರಡನೇ ಸಲ ಅದು ಮನೆಯೊಳಕ್ಕೇ ಬಂತು, ತಗಡಿನ ಟ್ರಂಕು ಹಿಡಿದುಕೊಂಡು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆಯ ಗಿರಿಜಾಳ ರೂಪದಲ್ಲಿ.

ಅವಳ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಮನೆ. ಮುಂದೆ ಗಿರಣಿ, ಹಿಂದೆ ನಾವು. ನಡುವೆ ಬಾಗಿಲೂ ಇರಲಿಲ್ಲ, ಗೋಣಿಚೀಲದ ಪರದೆಯೊಂದು ತೂಗಾಡುತ್ತಿತ್ತು. ಹಿಟ್ಟಿನ ಧೂಳು ಪರದೆಯನ್ನು ಕೇಳಿ ಒಳಗೆ ಬರುತ್ತದೆಯೇ? ದೇವರ ಪಟದ ಮೇಲೆ, ಮಜ್ಜಿಗೆ ಗಡಿಗೆಯ ಮುಚ್ಚಳದ ಮೇಲೆ, ನಾನು ಓದುವ ಪುಸ್ತಕದ ಮೇಲೆ ಸದಾ ಒಂದು ಪದರ ಹಿಟ್ಟು. ಅವ್ವ ಒರೆಸಿ ಒರೆಸಿ ಸಾಕಾಗಿ, ದೇವರಿಗೂ ಹೊಟ್ಟೆಗೆ ಬೇಕಲ್ಲ ಅಂತ ಕೈಬಿಟ್ಟಿದ್ದಳು. ಮೋಟಾರು ಶುರುವಾದರೆ ನೆಲ ಅದುರುತ್ತಿತ್ತು, ಗೂಡಿನಲ್ಲಿ ಚಮಚಗಳು ಸದ್ದು ಮಾಡುತ್ತಿದ್ದವು. ಹಾಗಾಗಿ ನಾವೆಲ್ಲ ಕಿರುಚಿಯೇ ಮಾತಾಡುತ್ತಿದ್ದೆವು. ಬಂದ ನೆಂಟರು ಇವರ ಮನೆಯಲ್ಲಿ ಏನೋ ಜಗಳ ನಡೆದಿದೆ ಅಂತ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಕರೆಂಟು ಹೋದಾಗ ಮಾತ್ರ ಮನೆ ಒಮ್ಮೆಲೇ ಮೌನವಾಗುತ್ತಿತ್ತು. ಆಗ ಅಪ್ಪ ಪರದೆ ಸರಿಸಿ ಒಳಗೆ ಬಂದು, ಮೆಲುದನಿಯಲ್ಲಿ ನನ್ನನ್ನು ‘ವನಜಾ’ ಅಂತ ಪೂರ್ತಿ ಹೆಸರು ಹಿಡಿದು ಕರೆದು ನೀರು ಕೇಳುತ್ತಿದ್ದರು. ಆ ದನಿಯ ಆಸೆಗೆ ನಾನು ಕರೆಂಟು ಹೋಗಲಿ ಅಂತ ಹರಕೆ ಹೊರುತ್ತಿದ್ದೆ. ನಾನು ಒಬ್ಬಳೇ ಮಗಳು. ಆ ದನಿಗೆ ಪಾಲುದಾರರು ಯಾರೂ ಇರಲಿಲ್ಲ.

ಗಿರಣಿ ಮನೆಯ ಊಟವೂ ಬೇರೆಯೇ. ಒಬ್ಬರ ಜೋಳ ಬೀಸಿ ಮುಗಿದ ಮೇಲೆ ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದೆ. ಮುಂದಿನವರ ರಾಗಿ ಅದನ್ನು ದೂಡಿಕೊಂಡು ಬರುತ್ತದೆ, ಆ ರಾಗಿಯ ಉಳಿಕೆಯನ್ನು ಗೋಧಿ ದೂಡುತ್ತದೆ. ಹೀಗೆ ದೂಡಿ ಬಂದ ಮೊದಲ ಹಿಡಿಯನ್ನು ಅಪ್ಪ ಗಿರಾಕಿಯ ಡಬ್ಬಿಗೆ ಬೀಳದ ಹಾಗೆ ಪಕ್ಕದ ಬುಟ್ಟಿಗೆ ತೆಗೆಯುತ್ತಿದ್ದರು. ಸಂಜೆಗೆ ಆ ಬುಟ್ಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದಕ್ಕೆ ನಾವು ಕೂಡುಹಿಟ್ಟು ಅನ್ನುತ್ತಿದ್ದೆವು. ಜೋಳ, ರಾಗಿ, ಗೋಧಿ, ಸಜ್ಜೆ, ಕಡಲೆ ಎಲ್ಲ ಸೇರಿದ ರೊಟ್ಟಿ. ಅಂದು ಯಾರು ಯಾರು ಬಂದಿದ್ದರೋ ಅದರ ಮೇಲೆ ಅದರ ರುಚಿ. ಬರೀ ಜೋಳದ ರೊಟ್ಟಿ ಹೇಗಿರುತ್ತದೆ ಅಂತ ನನಗೆ ತಿಳಿದದ್ದು ಬೇರೆಯವರ ಮನೆಯಲ್ಲಿ ಉಂಡಾಗಲೇ. ನನಗೆ ಅದು ಸಪ್ಪೆ ಅನ್ನಿಸಿತ್ತು.

ಆದರೆ ಆ ಮನೆಯಲ್ಲಿ ನಾನು ನಿಜವಾಗಿ ಕಣ್ಣಿಟ್ಟಿದ್ದು ಅಪ್ಪನ ಬಲಗೈ ಮೇಲೆ. ಕಲ್ಲಿನ ಬಾಯಿಂದ ಹಿಟ್ಟು ಬೀಳುವ ಕಡೆ ಒಂದು ಬಟ್ಟೆಯ ತೋಳು ಕಟ್ಟಿರುತ್ತದಲ್ಲ, ಅಪ್ಪ ಅದರೊಳಗೆ ಕೈ ಹಾಕಿ ಚಿಟಿಕೆ ಹಿಟ್ಟು ಹಿಡಿದು ಹೆಬ್ಬೆರಳಿಂದ ಉಜ್ಜುತ್ತಿದ್ದರು. ಉಜ್ಜುವಾಗ ಹಿಟ್ಟಿನ ಕಡೆ ನೋಡುತ್ತಲೇ ಇರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದರು. ಹಿಟ್ಟು ಕಣ್ಣಿಂದ ನೋಡೋದಲ್ಲ ಅನ್ನುವುದು ಅವರ ಜಂಭ. ಆಮೇಲೆ ಎಡಗೈಯಿಂದ ಕಲ್ಲುಗಳ ಸಂದು ಹೊಂದಿಸುವ ಕಬ್ಬಿಣದ ಚಕ್ರವನ್ನು ಒಂದಿಷ್ಟು ಬಿಗಿ ಮಾಡಿಯೋ ಸಡಿಲ ಮಾಡಿಯೋ ಮತ್ತೆ ಉಜ್ಜಿ, ಕೊನೆಗೆ ಎದುರಿಗೆ ನಿಂತ ಹೆಂಗಸಿಗೆ ಹೇಳುತ್ತಿದ್ದರು.

“ನೈಸ್ ಆತು ನೋಡ್ರಿ.”

ಅಷ್ಟೇ. ಆ ಹೆಂಗಸಿನ ಮುಖ ಅರಳುತ್ತಿತ್ತು. ರೊಟ್ಟಿ ಬಡಿಯುವಾಗ ಅಂಚು ಸೀಳದು, ಮುದ್ದೆಗೆ ಗಂಟು ಕಟ್ಟದು. ಊರಿನಲ್ಲಿ ಇನ್ನೂ ಗಿರಣಿಗಳಿದ್ದವು, ಆದರೆ ಅಪ್ಪನ ನೈಸ್ ಬೇಕು ಅಂತ ಆಚೆ ಕೇರಿಯಿಂದ ತಲೆ ಮೇಲೆ ಹೊತ್ತು ತರುತ್ತಿದ್ದರು. ನನಗೂ ಆ ತೋಳಿನೊಳಗೆ ಕೈ ಹಾಕಬೇಕಿತ್ತು, ಅಪ್ಪನ ಪಕ್ಕ ನಿಂತು, ರಸ್ತೆ ಕಡೆ ನೋಡುತ್ತ, ನೈಸ್ ಅನ್ನಬೇಕಿತ್ತು. ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ.

“ದೂರ ನಿಲ್ಲು. ಬೆಲ್ಟಿಗೆ ಜಡೆ ಸಿಗ್ತೈತೆ. ಹೆಣ್ಮಕ್ಳು ಬರೋ ಜಾಗ ಅಲ್ಲ ಇದು.”

ಸರಿ, ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಕಾನೂನು ಅಂತ ಸುಮ್ಮನಿದ್ದೆ. ಆಗ ಬಂದಳು ಗಿರಿಜಾ.

ಅವಳು ನಮ್ಮವ್ವನ ಅಕ್ಕನ ಮಗಳು, ಜಗಳೂರು ಕಡೆಯ ಹಳ್ಳಿಯವಳು. ಅವರದು ಕುರಿ ಕಾಯುವ ಮನೆ. ಹಿಂಡು ಹೋದ ಕಡೆ ದೊಡ್ಡಮ್ಮ ದೊಡ್ಡಪ್ಪನೂ ಹೋಗುತ್ತಿದ್ದರು, ಹುಡುಗಿಯ ಓದು ನಿಂತು ಹೋದೀತು ಅಂತ ನಮ್ಮ ಮನೆಯಲ್ಲಿ ಬಿಟ್ಟರು. ನನಗಿಂತ ಒಂದು ವರ್ಷ ದೊಡ್ಡವಳು. ಅಕ್ಕ ಅನ್ನು ಅಂತ ಅವ್ವ ಮೊದಲ ದಿನವೇ ಹೇಳಿದಳು. ನಾನು ಗಿರಿಜಾ ಅಂದೆ. ಅವ್ವ ಕಣ್ಣು ಬಿಟ್ಟಳು, ನಾನು ಮತ್ತೂ ಜೋರಾಗಿ ಗಿರಿಜಾ ಅಂದೆ. ಅವಳು ನಕ್ಕು, ಹೆಸರಿಟ್ಟಿರೋದು ಕರೆಯಾಕೇ ಅಲ್ವೇನು ಚಿಗವ್ವ ಅಂತ ನನ್ನ ಪರವಾಗಿಯೇ ಮಾತಾಡಿದಳು. ನನ್ನ ಪರವಾಗಿ ಅವಳೇಕೆ ಮಾತಾಡಬೇಕು? ನನ್ನ ಹಾಸಿಗೆಯಲ್ಲಿ ಅರ್ಧ, ಮನೆಯಲ್ಲಿ ನಾನು ಓದುವ ಬೆಂಚಿನಲ್ಲಿ ಅರ್ಧ, ಕನ್ನಡಿಯ ಮುಂದಿನ ಹೊತ್ತಿನಲ್ಲಿ ಅರ್ಧ ಅವಳಿಗೆ ಹೋಗಿತ್ತು. ಅದೆಲ್ಲ ತಡೆದುಕೊಂಡೇನು. ತಡೆಯಲಾಗದ್ದು ಬಂದವರೆಲ್ಲ ಅವಳಿಗೆ ಅಂಟಿಸುತ್ತಿದ್ದ ಆ ಮಾತು. ಎಷ್ಟು ನೈಸ್ ಹುಡುಗಿ ರೀ ಅಂತ ಪಕ್ಕದ ಮನೆಯವರು, ನೈಸ್ ಗರ್ಲ್ ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು. ನಮ್ಮ ಗಿರಣಿ ಮಾತನ್ನು ನನ್ನಿಂದ ಕಿತ್ತುಕೊಂಡ ಅದೇ ಮೇಷ್ಟ್ರು ಅದನ್ನು ಒಯ್ದು ಅವಳ ಮುಡಿಗಿಟ್ಟರು. ನನಗೆ ಯಾರೂ ನೈಸ್ ಅಂದದ್ದಿಲ್ಲ. ನಮ್ಮ ಗಿರಣಿಯಲ್ಲಿ ನೈಸಿಗೆ ಎದುರು ಮಾತು ತರಿ. ನಾನು ತರಿ.

ಬಂದ ಒಂದು ವಾರದೊಳಗೇ ನನ್ನ ಬೆಳ್ಳಿ ಲೋಟದಿಂದ ಹಿಡಿದು ಎಲ್ಲದರ ಮೇಲೂ ಅವಳ ಕೈ ಓಡಾಡತೊಡಗಿತು. ರೊಟ್ಟಿ ಬಡಿಯುವುದು ಅವಳ ಪಾಲಿಗೆ ಬಂತು. ಜಗಳೂರು ಕಡೆಯವರ ಕೈ ಕೇಳಬೇಕೇ? ನಮ್ಮ ಕೂಡುಹಿಟ್ಟು ಯಾರ ಮಾತೂ ಕೇಳದ ಹಿಟ್ಟು, ಅವ್ವನ ಕೈಯಲ್ಲಿ ಅಂಚೆಲ್ಲ ಸೀಳುತ್ತಿತ್ತು. ಅವಳ ಕೈಯಲ್ಲಿ ಅದೂ ತೆಳ್ಳಗೆ ದುಂಡಗೆ ಬಂತು. ಮೇಲಿಂದ ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಇವತ್ತು ಕಡ್ಲೆ ಜಾಸ್ತಿ ಬಂದೈತೆ ಚಿಗವ್ವ, ಸಜ್ಜೆ ಕಡಿಮೆ ಅನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತಿ ಅವಳನ್ನು ನೋಡಿದ್ದನ್ನು ನಾನು ನೋಡಿದೆ.

ಅದಾಗಿ ಸ್ವಲ್ಪ ದಿನಕ್ಕೆ, ಶಾಲೆಯಿಂದ ಬಂದು ಪರದೆ ಸರಿಸಿದರೆ, ಗಿರಿಜಾ ಗಿರಣಿಯಲ್ಲಿ ಅಪ್ಪನ ಬಲಕ್ಕೆ ನಿಂತಿದ್ದಾಳೆ. ಎರಡೂ ಜಡೆಯನ್ನು ಎತ್ತಿ ನೆತ್ತಿಯ ಮೇಲೆ ಗಂಟು ಹಾಕಿ ಟವೆಲ್ಲು ಸುತ್ತಿದ್ದಾರೆ. ಅಪ್ಪನದೇ ಟವೆಲ್ಲು. ಅವಳ ಬಲಗೈ ಬಟ್ಟೆಯ ತೋಳಿನೊಳಗಿದೆ.

“ಹೆಂಗೈತೆ?” ಅಂದರು ಅಪ್ಪ.

“ಇನ್ನೊಂಚೂರು ಬಿಗಿ ಬೇಕು ಚಿಗಪ್ಪ.”

ಅಪ್ಪ ಚಕ್ರ ತಿರುವಿದರು. ಅವಳು ಉಜ್ಜಿ ತಲೆಯಾಡಿಸಿದಳು. ಅಪ್ಪ ಎದುರಿನ ಹೆಂಗಸಿಗೆ ನೈಸ್ ಆತು ನೋಡ್ರಿ ಅಂದರು. ನಾನು ಪರದೆ ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಜಡೆಗೆ ಇದ್ದ ಬೆಲ್ಟು ಅವಳ ಜಡೆಗೆ ಇರಲಿಲ್ಲವೇ? ಒಂದು ಟವೆಲ್ಲು ಸುತ್ತಿದರೆ ಆಗುವ ಕೆಲಸವಾಗಿದ್ದರೆ ನನಗೆ ಇಷ್ಟು ವರ್ಷ ಒಂದು ಟವೆಲ್ಲು ಸಿಗಲಿಲ್ಲವೇ? ಅವಳು ಅಪ್ಪನಿಗೆ ರಕ್ತ ಸಂಬಂಧವೂ ಅಲ್ಲ, ಹೆಂಡತಿಯ ಅಕ್ಕನ ಮಗಳು. ನಾನು ಹೊಟ್ಟೆಯಲ್ಲಿ ಹುಟ್ಟಿದವಳು. ಅವತ್ತು ಊಟ ಬಿಟ್ಟೆ. ಯಾಕೆ ಅಂತ ಅವ್ವ ಕೇಳಿದಾಗ ಹೊಟ್ಟೆನೋವು ಅಂದೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸುಮ್ಮನೆ ಕೂರುವವಳಲ್ಲ ನಾನು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದಿಟ್ಟುಕೊಂಡು ಕಣ್ಣು ಮುಚ್ಚಿ ಹಿಟ್ಟು ಉಜ್ಜುವುದನ್ನು ಕಲಿತೆ. ಕಿಟಕಿಯಾಚೆ ನೋಡುತ್ತ ಉಜ್ಜುವುದನ್ನೂ ಕಲಿತೆ. ರಾಗಿ ಹಿಟ್ಟಿನ ತಂಪು, ಅಕ್ಕಿ ಹಿಟ್ಟಿನ ಕಿರಿಕಿರಿ, ಜೋಳದ್ದು ಸರಿಯಾಗಿ ಬಿದ್ದಾಗ ಬೆರಳಿಗೆ ಹತ್ತುವ ಜಿಡ್ಡು, ಎಲ್ಲ ಗೊತ್ತಾಯಿತು. ಅಪ್ಪ, ನಾನೂ ನೋಡ್ಲಾ ಅಂತ ಹೋದೆ. ನೀನು ಓದಾಕೆ ಹೋಗು ಅಂದರು. ಅವಳೇನು ಓದುವುದಿಲ್ಲವೇ ಅಂದೆ. ಅವಳ ಮಾತು ಬ್ಯಾರೆ ಅಂದರು. ಆ ಮಾತು ಹೇಗೆ ಬೇರೆ ಅಂತ ಹೇಳಲಿಲ್ಲ.

ಓದಾಕೆ ಹೋಗು ಅಂದರಲ್ಲ, ಹೋದೆ. ಶಾಲೆಯಲ್ಲಿ ಮೇಷ್ಟ್ರ ಮೇಜಿನ ಮೇಲೆ ಒಂದು ದಪ್ಪ ಡಿಕ್ಷನರಿ ಇತ್ತು. ಮಾತಿನ ಅರ್ಥದ ಜೊತೆಗೆ ಅದು ಎಲ್ಲಿಂದ ಬಂತು ಅಂತಲೂ ಅದರಲ್ಲಿ ಬರೆದಿರುತ್ತಿತ್ತು. ಕಸ ಗುಡಿಸುವ ನೆಪದಲ್ಲಿ ಮಧ್ಯಾಹ್ನ ಒಳಗೆ ಉಳಿದು ನೈಸ್ ಹುಡುಕಿದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷವನ್ನು ಆಮೇಲೆ ಎಂ.ಎ. ಪಾಸಾದಾಗಲೂ ನಾನು ಪಡಲಿಲ್ಲ. ಆ ಮಾತಿಗೆ ಮೊದಲು ದಡ್ಡ ಅಂತ ಅರ್ಥವಂತೆ! ಹಳೇ ಕಾಲದಲ್ಲಿ ಯಾರನ್ನಾದರೂ ನೈಸ್ ಅಂದರೆ ಬುದ್ಧಿಯಿಲ್ಲದವನು ಅಂತ ಬೈದಂತೆ. ಸಂಜೆ ಆಗುವುದನ್ನೇ ಕಾದೆ. ಎಲ್ಲರೂ ಊಟಕ್ಕೆ ಕೂತ ಮೇಲೆ, ಗಿರಿಜಾ ತವಾದ ಮುಂದೆ ಇರುವಾಗ, ಬಿಟ್ಟೆ ಬಾಣ.

“ನೈಸ್ ಅಂದ್ರೆ ಮೊದ್ಲು ದಡ್ಡಿ ಅಂತ ಅರ್ಥ ಇತ್ತಂತೆ. ಡಿಕ್ಷನರಿಯಾಗೇ ಐತೆ. ಎಲ್ಲಾರೂ ಇವಳಿಗೆ ನೈಸ್ ನೈಸ್ ಅಂತಾರಲ್ಲ.”

ಗಿರಿಜಾಗೆ ಅಳು ಬರಬೇಕಿತ್ತು. ಅವಳು ರೊಟ್ಟಿ ತಿರುವಿ ಹಾಕಿ, ಲಂಗದ ತುದಿಯಿಂದ ಬೆವರು ಒರೆಸಿಕೊಂಡು ನಕ್ಕಳು.

“ಹೌದಾ? ಜನಕ್ಕೆ ಮೊದ್ಲೇ ಗೊತ್ತಾಗೈತೆ ಹಂಗಾದ್ರೆ. ಹೋದ ಪರೀಕ್ಷೆಯಾಗೆ ಗಣಿತ ಎಷ್ಟು ಬಂತು ಅಂತ ನೋಡಿದೀಯಲ್ಲ.”

ಅವ್ವನೂ ನಕ್ಕಳು. ನನ್ನ ಬಾಣ ನನ್ನ ತಟ್ಟೆಗೇ ಬಿತ್ತು. ಆದರೆ ಅಪ್ಪ ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ಕೇಳಿದರು.

“ದಡ್ಡ ಅನ್ನೋ ಮಾತು ಒಳ್ಳೇದು ಅಂತ ಹೆಂಗಾತು?”

ಎಷ್ಟೋ ತಿಂಗಳ ಮೇಲೆ ಅಪ್ಪ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಉತ್ತರ ಪೂರ್ತಿ ಗೊತ್ತಿರಲಿಲ್ಲ, ಗೊತ್ತಿದ್ದಷ್ಟನ್ನು ಉದ್ದ ಮಾಡಿ ಹೇಳಿದೆ. ಮೊದಲು ದಡ್ಡ, ಆಮೇಲೆ ಎಲ್ಲದಕ್ಕೂ ಮೂಗು ಮುರಿಯುವ ಅತಿ ನಾಜೂಕಿನವನು, ಆಮೇಲೆ ತೀರಾ ಸಣ್ಣದಾದ, ಸೂಕ್ಷ್ಮವಾದದ್ದು, ಕೊನೆಗೆ ಚೆಂದದ್ದು. ಅಪ್ಪ ಕೇಳಿಸಿಕೊಂಡರು.

“ಸುಮಾರು ಸಲ ಕಲ್ಲಿಗೆ ಹಾಕಿ ತೆಗೆದಾರೆ ಬಿಡು ಅದನ್ನ,” ಅಂದರು.

ಇಂದಿಗೂ ಚನ್ನಗಿರಿಯ ಕಾಲೇಜಿನಲ್ಲಿ ಮಕ್ಕಳಿಗೆ ಈ ಪಾಠ ಮಾಡುವಾಗ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. ಈಗ ನನಗೆ ಪೂರ್ತಿ ದಾರಿ ಗೊತ್ತು. ಲ್ಯಾಟಿನ್ನಿನಲ್ಲಿ ಅದು ‘ಗೊತ್ತಿಲ್ಲದವನು’ ಅನ್ನುವ ಮಾತಾಗಿ ಹುಟ್ಟಿತು. ಗೊತ್ತಿಲ್ಲದವನು ಫ್ರೆಂಚಿಗೆ ಬಂದು ದಡ್ಡನಾದ, ಇಂಗ್ಲಿಷಿಗೆ ಬಂದು ಎಷ್ಟೋ ಕಾಲ ದಡ್ಡನಾಗಿಯೇ ಇದ್ದ. ಈಗ ಇಂಗ್ಲಿಷಿನವರು ಊಟಕ್ಕೂ ನೈಸ್, ಹವಾಮಾನಕ್ಕೂ ನೈಸ್, ಸೊಸೆಗೂ ನೈಸ್ ಅಂದು ಅಂದು ಅದರ ಮೊನೆಯನ್ನೆಲ್ಲ ಸವೆಸಿಬಿಟ್ಟಿದ್ದಾರೆ. ಕೂದಲೆಳೆಯಷ್ಟು ಸೂಕ್ಷ್ಮವಾದದ್ದು ಅನ್ನುವ ಅದರ ಹಳೆಯ ಅರ್ಥ ಅವರ ದಿನದ ಮಾತಿನಲ್ಲಿ ಹೆಚ್ಚು ಕೇಳುವುದಿಲ್ಲ. ನಮ್ಮ ಕಡೆ ನೈಸಾಗಿ ಮಾತಾಡಿ ಕೆಲಸ ಮಾಡಿಸಿಕೊಳ್ಳುವವರಿದ್ದಾರೆ, ನೈಸಾಗಿ ಜಾರಿಕೊಳ್ಳುವವರಿದ್ದಾರೆ. ಆದರೆ ಆ ಸೂಕ್ಷ್ಮದ ಅರ್ಥ ಗಟ್ಟಿಯಾಗಿ ಉಳಿದಿರುವುದು ನಮ್ಮ ಗಿರಣಿಗಳಲ್ಲಿ, ಮಿಕ್ಸಿಯ ಮುಂದೆ ನಿಂತ ಹೆಂಗಸರ ಬಾಯಲ್ಲಿ. ಅಂದು ತರಗತಿಯಲ್ಲಿ ಜಗಳವಾಡಿದ ಹುಡುಗಿಯದು ಪೂರ್ತಿ ತಪ್ಪಾಗಿರಲಿಲ್ಲ ಅಂತ ನಾನು ಪ್ರತಿವರ್ಷ ಹೇಳಿಕೊಳ್ಳುತ್ತೇನೆ.

ಇನ್ನು ಆ ಭಾನುವಾರದ ಕಥೆ. ಹಿಂದಿನ ದಿನ ಅಪ್ಪ ಕಲ್ಲು ಕುಟ್ಟಿದ್ದರು. ಬೀಸಿ ಬೀಸಿ ಕಲ್ಲಿನ ಮುಖ ಸವೆದು ನುಣುಪಾದಾಗ ಅದನ್ನು ಇಳಿಸಿ, ಮೊನಚು ಸುತ್ತಿಗೆಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕು. ಬೇರೆ ಗಿರಣಿಯವರು ಅದಕ್ಕೆ ಆಳು ಕರೆಸುತ್ತಿದ್ದರು. ಅಪ್ಪ ತಾವೇ ದಿನವಿಡೀ ಕೂತು ಕುಟ್ಟುತ್ತಿದ್ದರು, ಆಮೇಲೆ ರಾತ್ರಿ ಊಟಕ್ಕೆ ಕೂತರೆ ಕೈ ನಡುಗುತ್ತಿತ್ತು. ಹೊಸದಾಗಿ ಕುಟ್ಟಿದ ಕಲ್ಲಿಗೆ ಹಸಿವು ಹೆಚ್ಚು. ಚಕ್ರ ಹಳೆಯ ಗುರುತಿನಲ್ಲೇ ಇದ್ದರೂ ಕಾಳು ಪುಡಿಯಾಗಿ ಹೋಗುತ್ತದೆ. ಹಾಗಾಗಿ ಮರುದಿನ ಬೆರಳಿಂದಲೇ ಹೊಸ ಗುರುತು ಹುಡುಕಬೇಕು. ಗಿರಿಜಾ ಹತ್ತನೇ ತರಗತಿ, ಭಾನುವಾರವೂ ಸ್ಪೆಷಲ್ ಕ್ಲಾಸಿಗೆ ಹೋಗಿದ್ದಳು. ಅಪ್ಪನ ಪಕ್ಕ ಜಾಗ ಖಾಲಿಯಿತ್ತು. ನಾನು ಜಡೆ ಎತ್ತಿ ಕಟ್ಟಿ, ಟವೆಲ್ಲು ಸುತ್ತಿಕೊಂಡು, ಕರೆಯದಿದ್ದರೂ ಹೋಗಿ ನಿಂತೆ.

ಸೂರಗೊಂಡನಕೊಪ್ಪದ ಕಡೆಯ ನಾಯ್ಕರು ಒಬ್ಬರು ಚೀಲ ತುಂಬ ಗೋಧಿ ತಂದಿದ್ದರು, ಹಣ್ಣಾದ ಅಜ್ಜ, ದೊಡ್ಡ ರುಮಾಲು. ತಮ್ಮ ಊರ ದೇವರ ಯಾತ್ರೆಗೆ ಬಂದವರಿಗೆ ಹುಗ್ಗಿ ಮಾಡಿ ಬಡಿಸುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ಹುಗ್ಗಿಗೆ ಗೋಧಿ ತರಿಯಾಗಿ ಒಡೆಯಬೇಕು, ಹಿಟ್ಟಾಗಬಾರದು. ಅಪ್ಪ ಚಕ್ರವನ್ನು ಹಳೆಯ ತರಿಯ ಗುರುತಿಗೆ ತಿರುಗಿಸಿದರು, ಮೋಟಾರು ಹಾಕಿದರು, ತೋಳಿಗೆ ಕೈ ಹಾಕಿ ಉಜ್ಜಿದರು. ರಸ್ತೆ ಕಡೆ ನೋಡಿಕೊಂಡೇ ಹೇಳಿದರು.

“ತರಿ ಸರಿ ಐತೆ ಅಜ್ಜಾರೆ.”

ನಾನು ಕೆಳಗಿನ ಡಬ್ಬಿಗೆ ಕೈ ಹಾಕಿ ಉಜ್ಜಿದೆ. ತರಿಯೆಲ್ಲಿಯದು, ಬೆಣ್ಣೆಯಂತೆ ಜಾರಿತು.

“ಅಪ್ಪ, ನೈಸ್ ಬರ್ತೈತೆ!”

“ನಿಂಗೇನ್ ಗೊತ್ತು? ದೂರ ನಿಲ್ಲು ಅಂದಿಲ್ವಾ!”

ಮೋಟಾರಿನ ಸದ್ದಿಗಿಂತ ದೊಡ್ಡದಾಗಿ ಕೂಗಿದರು. ನಾನು ಮತ್ತೊಮ್ಮೆ ಹೇಳಿದೆ, ಅವರು ನನ್ನ ಕಡೆ ತಿರುಗಲಿಲ್ಲ. ಚೀಲವೆಲ್ಲ ಇಳಿಯಿತು. ಮೋಟಾರು ನಿಂತ ಮೇಲೆ ಅಜ್ಜ ಬಗ್ಗಿ ಡಬ್ಬಿಯೊಳಗೆ ನೋಡಿದರು. ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದರು, ಹಿಟ್ಟು ಬೆರಳ ಸಂದಿಯಿಂದ ಸುರಿಯಿತು. ಅವರ ದನಿ ಗಿರಣಿ ತುಂಬ ಏರಿತು.

“ಏನ್ರೀ ಇದು? ತರಿ ಅಂತ ಬಾಯಿ ಬಿಟ್ಟು ಹೇಳಿದ್ನಲ್ಲ! ದೇವರ ಹುಗ್ಗಿ ಇದ್ರಾಗೆ ಹೆಂಗೆ ಮಾಡಾಕೆ ಬರ್ತೈತೆ?”

ಸಾಲಿನಲ್ಲಿದ್ದ ಹೆಂಗಸರೆಲ್ಲ ಹತ್ತಿರ ಬಂದರು. ಅಪ್ಪ ತಮ್ಮ ಬಲಗೈಯನ್ನೇ ನೋಡುತ್ತ ನಿಂತಿದ್ದರು. ಅದೇ ಹೊತ್ತಿಗೆ ಗಿರಿಜಾ ಬಂದಳು, ಪುಸ್ತಕ ಇನ್ನೂ ಎದೆಗವಚಿಕೊಂಡಿದ್ದಳು. ಡಬ್ಬಿ ನೋಡಿದಳು, ಅಪ್ಪನ ಮುಖ ನೋಡಿದಳು, ಏನು ತಿಳಿಯಿತೋ, ನೇರ ಅಜ್ಜನ ಮುಂದೆ ಹೋಗಿ ನಿಂತಳು.

“ತಪ್ಪು ನಂದು ಅಜ್ಜಾ. ಬೆಳಿಗ್ಗೆ ಹೋಗಾಕೆ ಮುಂಚೆ ನಾನೇ ಚಕ್ರ ಬಿಗಿ ಮಾಡಿದ್ದೆ. ಚಿಗಪ್ಪಂಗೆ ಹೇಳೋದು ಮರ್ತು ಹೋತು.”

ಹಸಿ ಸುಳ್ಳು. ಚಕ್ರ ತಿರುವಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅವಳಿಗೆ ಇಲ್ಲಿಯೂ ಒಳ್ಳೆಯವಳಾಗುವ ಚಪಲ ಅಂತ ನನಗೆ ತಲೆ ಕೆಟ್ಟಿತು. ಅಪ್ಪ ಅಲ್ಲ ಅನ್ನುತ್ತಾರೆ ಅಂತ ಕಾದೆ. ಅಪ್ಪ ಸುಮ್ಮನಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಸುಳ್ಳು ಹೇಳ್ತಾಳೆ. ಚಕ್ರ ತಿರುವಿದ್ದು ಅಪ್ಪ. ಮುಟ್ಟಿ ನೋಡಿ ತರಿ ಅಂದಿದ್ದೂ ಅಪ್ಪ. ನೈಸ್ ಬರ್ತೈತೆ ಅಂತ ನಾ ಹೇಳಿದ್ರೂ ಕೇಳ್ಲಿಲ್ಲ, ಮುಟ್ಟಿದ್ರೂ ಗೊತ್ತಾಗ್ಲಿಲ್ಲ ಅವರಿಗೆ!”

ಅಪ್ಪ ನನ್ನ ಕೆನ್ನೆಗೆ ಹೊಡೆದರು. ಅಲ್ಲಿಯವರೆಗೆ ಅವರು ನನ್ನ ಮೇಲೆ ಕೈ ಎತ್ತಿದವರೇ ಅಲ್ಲ. ಕೆನ್ನೆಯ ಮೇಲೆ ಐದು ಬೆರಳಿನ ಹಿಟ್ಟು ಕೂತಿತು. ಕೊನೆಗೆ ನಾಯ್ಕರೇ ತಣ್ಣಗಾಗಿ, ಹೋಗ್ಲಿ ಬಿಡವ್ವ, ಹುಗ್ಗಿ ಬದ್ಲು ಪೂರಿ ಕರಿದ್ರಾತು, ದೇವರೇನು ಬ್ಯಾಡ ಅಂತಾನಾ ಅಂದು ಗಿರಿಜಾಳ ತಲೆ ಸವರಿದರು. ಹೋಗುವಾಗ ಸಾಲಿನ ಹೆಂಗಸರಿಗೆ ನೈಸ್ ಹುಡುಗಿ ಅಂದು ಹೋದರು. ನಿಜ ಹೇಳಿದವಳಿಗೆ ಏಟು, ಸುಳ್ಳು ಹೇಳಿದವಳಿಗೆ ತಲೆ ಸವರಿಸಿಕೊಳ್ಳುವ ಭಾಗ್ಯ. ಆ ದಿನದಿಂದ ನಾನು ಗಿರಣಿಯ ಕಡೆ ತಲೆ ಹಾಕಲಿಲ್ಲ. ಓದಿದೆ, ಹಟಕ್ಕೆ ಬಿದ್ದು ಓದಿದೆ, ಅದೂ ಇಂಗ್ಲಿಷೇ ಓದಿದೆ. ನನ್ನ ಓದಿನ ಹಿಂದೆ ಯಾವ ಆದರ್ಶವೂ ಇಲ್ಲ, ಹೊಟ್ಟೆಕಿಚ್ಚಿದೆ. ಅದು ಒಳ್ಳೆಯ ಸೌದೆ, ಬಹಳ ಹೊತ್ತು ಉರಿಯುತ್ತದೆ.

ಗಿರಿಜಾಳನ್ನು ನ್ಯಾಮತಿಗೆ ಕೊಟ್ಟರು. ಅಪ್ಪ ಗಿರಣಿ ನಿಲ್ಲಿಸಿದಾಗ ಕಲ್ಲು, ಚಕ್ರ, ಮೋಟಾರು ಎಲ್ಲ ಅವಳ ಮನೆಗೇ ಹೋದವು. ನಿನ್ನನ್ನ ಓದಿಸಿದೀವಲ್ಲ ಅಂದಳು ಅವ್ವ. ಹೌದು, ಓದಿಸಿದರು. ಅಪ್ಪ ತೀರಿಕೊಂಡ ಮೇಲೂ ನಾನು ವರ್ಷಕ್ಕೊಮ್ಮೆ ನ್ಯಾಮತಿಗೆ ಹೋಗುತ್ತೇನೆ, ಅವಳ ಮೇಲಿನ ಪ್ರೀತಿಗೆ ಅಂತ ಜನ ತಿಳಿದಿದ್ದಾರೆ. ನಾನು ಹೋಗುವುದು ಆ ಚಕ್ರ ನೋಡಲಿಕ್ಕೆ. ಅವಳ ಕೈಯ ಹಿಡಿತಕ್ಕೆ ಅದು ಹೊಳೆಯುತ್ತದೆ. ಈ ವರ್ಷ ಹೋದಾಗ ಅವಳು ಒಲೆಯ ಮುಂದೆ ಕೂತು ಕೂಡುಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಳು. ನನಗಾಗಿಯೇ ಬುಟ್ಟಿಯ ಹಿಟ್ಟು ಎತ್ತಿಟ್ಟಿದ್ದಳಂತೆ. ರೊಟ್ಟಿಯನ್ನು ಇಕ್ಕಳದಿಂದ ತಟ್ಟೆಗೆ ಹಾಕುತ್ತ, ಯಾವಾಗಲೂ ಹೇಳುವ ವಿಷಯದಂತೆ ಹೇಳಿದಳು.

“ಚಿಗಪ್ಪಂಗೆ ಮೊದಲ್ನೇ ರೊಟ್ಟಿ ಕೊಟ್ಟಾಗ್ಲೇ ಗೊತ್ತಾಗಿದ್ದು ನಂಗೆ. ತವಾದ ಮೇಲಿಂದ ತೆಗ್ದು ಸೀದಾ ಕೈಗೆ ಕೊಟ್ಟೆ, ಹೊಗೆ ಆಡ್ತಿತ್ತು. ಹಂಗೇ ಹಿಡ್ಕಂಡು ಮಾತಾಡ್ತಾ ಕುಂತಿದ್ರು. ಬೆರಳು ಕೆಂಪಗಾದ್ರೂ ಗೊತ್ತಿಲ್ಲ.”

ಅವಳು ಇನ್ನೊಂದು ಉಂಡೆ ತಟ್ಟತೊಡಗಿದಳು.

“ಹಿತ್ತಲಾಗೆ ಕೇಳಿದೆ. ಒಂದೊಂದೇ ಬೆರಳು ಚಿವುಟಿ ನೋಡ್ದೆ, ತುದಿ ಪೂರ್ತಿ ಸತ್ತಿದ್ವು. ಯಾರಿಗೂ ಹೇಳಬ್ಯಾಡ ಅಂತ ಕೈ ಹಿಡ್ಕಂಡ್ರು. ಬೆರಳು ಜೋಮು ಅಂದ್ರೆ ಜನ ದೊಡ್ಡ ರೋಗ, ಕುಷ್ಠ ಅಂತಿದ್ರು ಆವಾಗ. ಆ ಕೈಯಾಗೆ ಮುಟ್ಟಿದ ಹಿಟ್ಟು ಯಾರು ಒಯ್ತಿದ್ರು? ನಿನ್ನನ್ನ ಯಾರು ಮಾಡ್ಕಂತಿದ್ರು? ಆಮೇಲೆ ದಾವಣಗೆರೆಗೆ ಹೋಗಿ ತೋರ್ಸಿದ್ವಲ್ಲ, ಆ ರೋಗ ಅಲ್ಲ, ಕಲ್ಲು ಕುಟ್ಟಿ ಕುಟ್ಟಿ ನರ ಹೋಗ್ಯಾವೆ ಅಂದ್ರು. ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು,” ಅಂದೆ.

ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಕೈಯನ್ನೇ ನೋಡುತ್ತಿದ್ದವಳು ನಾನು. ತುಂಬಿದ ಗಿರಣಿಯಲ್ಲಿ, ಮುಟ್ಟಿದರೂ ಗೊತ್ತಾಗಲಿಲ್ಲ ಅಂತ ಕೂಗಿದವಳೂ ನಾನು. ನನ್ನ ಬಾಯಿ ಮುಚ್ಚಲು ಬಂದ ಅಪ್ಪನ ಕೈ ಕೆನ್ನೆಗೆ ಬಿದ್ದಿತ್ತು, ಅಷ್ಟೇ. ಇಷ್ಟೆಲ್ಲ ತಿಳಿದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಇನ್ನೂ ಹೆಚ್ಚಾಯಿತು. ತೋಳಿನೊಳಗೆ ಕೈ ಹಾಕುವ ಕೆಲಸವನ್ನು ಅವಳಿಗೆ ಕೊಟ್ಟರು ಅಂತ ಇಷ್ಟು ವರ್ಷ ಉರಿದೆ. ಅವರು ಅವಳಿಗೆ ಕೊಟ್ಟಿದ್ದು ಅದಲ್ಲ, ತಮ್ಮ ಭಯ. ಹಿತ್ತಲಲ್ಲಿ ಎರಡೂ ಕೈ ಚಾಚಿ ಅವಳಿಂದ ಚಿವುಟಿಸಿಕೊಂಡಿದ್ದರು. ನನಗೆ ಆ ಕೈ ಚಾಚಲಿಲ್ಲ. ದೂರ ನಿಲ್ಲು ಅಂದರು, ನಿಂತೆ, ಕೊನೆಯವರೆಗೂ.

ಅವಳು ತವಾದಿಂದ ಎತ್ತಿದ ರೊಟ್ಟಿಯನ್ನು ನಾನು ತಟ್ಟೆ ಒಡ್ಡದೆ ಬರಿಗೈಯಲ್ಲಿ ತೆಗೆದುಕೊಂಡೆ.

“ಏ, ಬಿಸಿ ಐತೆ! ತಟ್ಟೆಗೆ ಹಾಕ್ಕೊ!”

ಹಿಡಿದುಕೊಂಡೇ ಕೂತೆ. ಬೆರಳೆಲ್ಲ ಚುರುಗುಟ್ಟಿ ಕಣ್ಣು ತುಂಬಿತು, ಬಿಡಲಿಲ್ಲ. ಗಿರಿಜಾಳ ಮುಖದ ಬಣ್ಣವೇ ಇಳಿದುಹೋಯಿತು. ರೊಟ್ಟಿ ಕಿತ್ತು ಪಕ್ಕಕ್ಕೆಸೆದು, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಟ್ಟು ಮೆತ್ತಿದ ಬೆರಳುಗಳಿಂದ ನನ್ನ ತೋರುಬೆರಳಿನ ತುದಿಯನ್ನು ಗಟ್ಟಿಯಾಗಿ ಚಿವುಟಿದಳು. ಆಮೇಲೆ ನಡುಬೆರಳು, ಆಮೇಲೆ ಉಂಗುರದ ಬೆರಳು, ಕಿರುಬೆರಳು. ಒಂದೊಂದಕ್ಕೂ ನನ್ನ ಮುಖ ನೋಡುತ್ತಿದ್ದಳು. ಅಪ್ಪನ ಮುಖವನ್ನೂ ಅವಳು ಹೀಗೇ ನೋಡಿರಬೇಕು.

“ಗೊತ್ತಾಗ್ತೈತಾ? ಸುಳ್ಳು ಹೇಳಬ್ಯಾಡ ವನಿ, ಗೊತ್ತಾಗ್ತೈತಾ?”

ಪ್ರಾಣ ಹೋಗುವಷ್ಟು ಗೊತ್ತಾಗುತ್ತಿತ್ತು.

“ಸರಿಯಾಗಿ ಗೊತ್ತಾಗ್ಲಿಲ್ಲಕ್ಕ,” ಅಂದೆ. “ಇನ್ನೊಂದ್ಸಲ ನೋಡು.”